ದುರಂತ ನಾಟಕದ ಹೆಣಿಗೆ ಬಿಡಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಸೇರಿ ನಾಟಕ ಓದುತ್ತೇವೆ. ಎಂ.ಎ. ಓದುವ ಮಕ್ಕಳು ಬರುತ್ತಾರೆ. ಹವ್ಯಾಸಿ ತಂಡಗಳಲ್ಲಿ ಪಾತ್ರ ಮಾಡುವವರು ಬರುತ್ತಾರೆ. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಾರೆ. ಹೊಸಬರು ಬಂದಾಗಲೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರುತ್ತವೆ. ಪ್ರತಿಸಲವೂ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಉದಾಹರಣೆಗೆ ಬಹುಪಾಲು ಒಂದೇ ನಾಟಕ ಹಿಡಿದಿದ್ದೇನೆ: ಹಳೆಯ ಗ್ರೀಸ್ ದೇಶದ ನಾಟಕಕಾರ ಸೊಫೋಕ್ಲಿಸ್ ಬರೆದ ಈಡಿಪಸ್ ದೊರೆಯ ನಾಟಕ.

ಈ ನಾಟಕವನ್ನೇ ಯಾಕೆ ಹಿಡಿದುಕೊಂಡಿರಿ?

ಚಿಕ್ಕದು. ಸುಮಾರು 1530 ಸಾಲು. ಒಂದೇ ಸಲ ಕೂತು ಓದಿ ಮುಗಿಸಬಹುದು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಒಳ್ಳೆಯ ಹೆಣಿಗೆಯ ಮಾತು ಬಂದಾಗ ಮತ್ತೆ ಮತ್ತೆ ಇದರ ಹತ್ತಿರವೇ ಬರುತ್ತಾನೆ. ಕನ್ನಡಕ್ಕೂ ಇದು ಹೊಸದಲ್ಲ. ಪಿ. ಲಂಕೇಶ್ ಇದನ್ನು 'ದೊರೆ ಈಡಿಪಸ್' ಅಂತ ತಂದರು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹೊರಗಡೆ ಬಯಲಿನಲ್ಲಿ ಬಿ.ವಿ. ಕಾರಂತರು ಆಡಿಸಿದರು, ಈಡಿಪಸ್ ಆಗಿ ನಿಂತವರು ಗಿರೀಶ್ ಕಾರ್ನಾಡ್. ಆ ಕಾರಂತರೇ ಮುಂದೆ 1989ರಲ್ಲಿ ನಮ್ಮ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು.

ಕಥೆ ಬೇರೆ, ಹೆಣಿಗೆ ಬೇರೆ ಅಂತೀರಿ. ಎರಡೂ ಒಂದೇ ಅಲ್ವಾ?

ಅಲ್ಲ. ಇದೊಂದು ಬಿಡಿಸಿಕೊಂಡರೆ ಉಳಿದದ್ದೆಲ್ಲ ಸಲೀಸು.

ಕಥೆ ಅಂದರೆ ನಡೆದದ್ದು, ನಡೆದ ಕ್ರಮದಲ್ಲಿ. ಥೀಬ್ಸ್ ಪಟ್ಟಣದ ದೊರೆ ಲಾಯಸ್‌ಗೆ ಒಂದು ಕಣಿ ಸಿಗುತ್ತದೆ: ಮಗ ಹುಟ್ಟಿದರೆ ಅವನ ಕೈಯಲ್ಲೇ ನಿನ್ನ ಸಾವು. ಮಗು ಹುಟ್ಟುತ್ತದೆ. ಮೂರು ದಿನ ತುಂಬುವ ಮೊದಲೇ ಅದರ ಹರಡು ಚುಚ್ಚಿ, ಕಾಲೆರಡನ್ನೂ ಬಿಗಿದು, ಬೆಟ್ಟದಲ್ಲಿ ಬಿಟ್ಟು ಬರಲು ಕುರಿಗಾಹಿಯ ಕೈಗೆ ಕೊಡುತ್ತಾರೆ. ಅವನಿಗೆ ಕರುಳು ಚುರುಕ್ ಅನ್ನುತ್ತದೆ. ಕೊರಿಂಥ್ ಕಡೆಯ ಇನ್ನೊಬ್ಬ ಕುರಿಗಾಹಿಗೆ ಕೊಡುತ್ತಾನೆ. ಮಗು ಕೊರಿಂಥ್‌ನ ದೊರೆ ಪಾಲಿಬಸ್‌ನ ಮನೆಯಲ್ಲಿ ಬೆಳೆಯುತ್ತದೆ. ದೊಡ್ಡವನಾದ ಮೇಲೆ ಕುಡಿದವನೊಬ್ಬ 'ನೀನು ಅವರ ಮಗನಲ್ಲ' ಅನ್ನುತ್ತಾನೆ. ಈಡಿಪಸ್ ಅಪೊಲೊ ದೇವರ ಕಣಿ ಹೇಳುವ ಡೆಲ್ಫಿಗೆ ಹೋಗಿ ಕೇಳುತ್ತಾನೆ. ಅಲ್ಲಿ ಬರುವ ಉತ್ತರ: ತಂದೆಯನ್ನು ಕೊಲ್ಲುತ್ತೀಯ, ತಾಯಿಯನ್ನು ಮದುವೆಯಾಗುತ್ತೀಯ. ಹೆದರಿ ಕೊರಿಂಥ್ ಕಡೆ ತಲೆ ಹಾಕದೆ ಬೇರೆ ದಾರಿ ಹಿಡಿಯುತ್ತಾನೆ. ಮೂರು ದಾರಿ ಕೂಡುವಲ್ಲಿ ಒಬ್ಬ ಮುದುಕನ ಜೊತೆ ಜಗಳ, ಕೊಲೆ. ಆ ಮುದುಕನೇ ಲಾಯಸ್, ಇವನಿಗೆ ಗೊತ್ತಿಲ್ಲ. ಥೀಬ್ಸ್‌ಗೆ ಬಂದು ಸ್ಫಿಂಕ್ಸ್ ಅನ್ನುವ ರಾಕ್ಷಸಿ ಒಡ್ಡಿದ ಒಗಟು ಬಿಡಿಸಿ ದೊರೆಯಾಗುತ್ತಾನೆ, ಲಾಯಸ್ ಬಿಟ್ಟುಹೋದ ವಿಧವೆ ರಾಣಿ ಯೋಕಾಸ್ಟಳನ್ನು ಮದುವೆಯಾಗುತ್ತಾನೆ. ನಾಲ್ಕು ಮಕ್ಕಳಾಗುತ್ತವೆ. ಆಮೇಲೆ ಊರಿಗೆ ಪಿಡುಗು ಬರುತ್ತದೆ.

ಈಗ ನಾಟಕದ ಪುಸ್ತಕ ತೆಗೆಯಿರಿ. ಮೇಲೆ ಹೇಳಿದ್ದರಲ್ಲಿ ರಂಗದ ಮೇಲೆ ನಡೆಯುವುದು ಎಷ್ಟು? ಪಿಡುಗು ಒಂದೇ! ಉಳಿದದ್ದೆಲ್ಲ ಆಗಿ ಹೋಗಿದೆ. ನಾಟಕ ಶುರುವಾಗುವುದು ಕೊನೆಯ ದಿನದ ಬೆಳಿಗ್ಗೆ. ಆ ಒಂದು ದಿನದೊಳಗೆ ಹಳೆಯ ಸಂಗತಿಗಳು ಒಂದೊಂದಾಗಿ, ಹಿಂದುಮುಂದಾಗಿ, ಬೇರೆ ಬೇರೆ ಬಾಯಿಂದ ಹೊರಗೆ ಬರುತ್ತವೆ. ಯಾವ ಸಂಗತಿ, ಯಾವಾಗ, ಯಾರ ಬಾಯಿಂದ, ಯಾರ ಎದುರಿಗೆ ಹೊರಬೀಳುತ್ತದೆ ಅನ್ನುವ ಜೋಡಣೆಯೇ ಹೆಣಿಗೆ.

ಇದು ಕನ್ನಡದವರಿಗೆ ಅಪರಿಚಿತ ಅಲ್ಲ. ಸಾವಿರ ವರ್ಷದ ಹಿಂದೆ ನಮ್ಮ ರನ್ನ 'ಗದಾಯುದ್ಧ'ದಲ್ಲಿ ಇದನ್ನೇ ಮಾಡಿದ. ಮಹಾಭಾರತದ ಕಥೆಯನ್ನು ಮೊದಲಿನಿಂದ ಹೇಳಲಿಲ್ಲ. ಯುದ್ಧದ ಕೊನೆಗೆ ಹೋಗಿ ನಿಂತು ಹಿಂದಕ್ಕೆ ತಿರುಗಿ ನೋಡಿದ. ಅದಕ್ಕೆ ಸಿಂಹಾವಲೋಕನ ಅಂತ ಹೆಸರೂ ಇದೆ: ಸಿಂಹ ನಡೆಯುತ್ತಾ ನಡೆಯುತ್ತಾ ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುವ ಹಾಗೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಹೆಣದ ಮುಂದೆ ನಿಂತಾಗಲೂ ಹಳೆಯ ಕಥೆಯ ಒಂದೊಂದು ತುಂಡು ಎದ್ದು ಬರುತ್ತದೆ. ಈಡಿಪಸ್ ಓದುವ ಮೊದಲು ರನ್ನನ ಈ ಭಾಗ ಒಮ್ಮೆ ಓದಿಕೊಳ್ಳಿ ಅಂತ ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಹೆಣಿಗೆ ಅಂದರೆ ಏನು ಅನ್ನುವುದು ವ್ಯಾಖ್ಯಾನ ಇಲ್ಲದೆ ತಲೆಗೆ ಹೋಗುತ್ತದೆ.

ಕಥೆ ಮೊದಲೇ ಗೊತ್ತಿದ್ದರೆ ನಾಟಕದಲ್ಲಿ ಕುತೂಹಲ ಎಲ್ಲಿ ಉಳಿಯುತ್ತದೆ?

ನಾನು ಮಂಡ್ಯ ಕಡೆಯವನು. ನಮ್ಮಲ್ಲಿ ಊರ ಹಬ್ಬಕ್ಕೆ 'ಕುರುಕ್ಷೇತ್ರ' ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕಿ ಊರವರೇ ಬಣ್ಣ ಹಚ್ಚುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತದೆ. ರಾತ್ರಿ ಶುರುವಾದರೆ ಬೆಳಗಿನ ಜಾವದ ತನಕ. ನೋಡುವವರಲ್ಲಿ ಕಥೆ ಗೊತ್ತಿಲ್ಲದವರು ಒಬ್ಬರೂ ಇಲ್ಲ.

ನಾನು ಹುಡುಗನಾಗಿದ್ದಾಗ ಒಂದು ರಾತ್ರಿ ಚಾಪೆಯ ಮೇಲೆ ಅಜ್ಜಿಯ ಪಕ್ಕ ಕೂತಿದ್ದೆ. ಕರ್ಣ ಕುಂತಿ ಸೀನು. ಕುಂತಿ ತಾನೇ ತಾಯಿ ಅಂತ ಹೇಳಿಯಾಯಿತು, ಕಂದ ಪದ್ಯ ಆಯಿತು. ಈಗ ಅವಳು ಮಾತು ಕೇಳುತ್ತಾಳೆ: ತೊಟ್ಟ ಬಾಣವನ್ನು ಇನ್ನೊಮ್ಮೆ ತೊಡಬೇಡ. ಕರ್ಣನ ಪಾತ್ರಧಾರಿ ಕೈ ಮುಂದೆ ಚಾಚಿದ. ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಮೆಲ್ಲಗೆ ಅಂದಳು: 'ಬ್ಯಾಡ ಕಣ್ ಮಗ, ಮಾತ್ ಕೊಡ್ಬ್ಯಾಡ.' ಅವನು ಕೊಟ್ಟೇ ಕೊಡುತ್ತಾನೆ ಅಂತ ಅವಳಿಗೆ ಗೊತ್ತು. ಅವನು ಸಾಯುತ್ತಾನೆ ಅಂತಲೂ ಗೊತ್ತು. ಆದರೂ ಅವಳ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು.

ಅಥೆನ್ಸ್‌ನವರಿಗೂ ಈಡಿಪಸ್‌ನ ಕಥೆ ಗೊತ್ತಿತ್ತು. ಕ್ರಿ.ಪೂ. ಸುಮಾರು 429ರಲ್ಲಿ ಬಂದು ಕೂತವರು 'ಕೊಲೆಗಾರ ಯಾರು' ಅಂತ ತಿಳಿದುಕೊಳ್ಳಲು ಬಂದಿರಲಿಲ್ಲ. ಅವನಿಗೆ ಯಾವಾಗ ಗೊತ್ತಾಗುತ್ತದೆ, ಗೊತ್ತಾದ ಗಳಿಗೆಯಲ್ಲಿ ಅವನು ಏನಾಗುತ್ತಾನೆ, ಅದನ್ನು ನೋಡಲು ಬಂದಿದ್ದರು. ನಮಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ. ಈ ಅಂತರವೇ ನಾಟಕವನ್ನು ಎಳೆದುಕೊಂಡು ಹೋಗುವುದು. ಆದ್ದರಿಂದ ದುರಂತ ನಾಟಕ ಓದುವಾಗ 'ಮುಂದೇನಾಯಿತು' ಅನ್ನುವುದಕ್ಕಿಂತ 'ಈಗ ಯಾರಿಗೆ ಎಷ್ಟು ಗೊತ್ತಾಯಿತು' ಅನ್ನುವ ಪ್ರಶ್ನೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಸರಿ, ಪುಸ್ತಕ ತೆರೆದೆ. ಎಲ್ಲಿಂದ ಶುರು ಮಾಡಲಿ?

ಒಂದು ನೋಟ್‌ಬುಕ್ ತಗೊಳ್ಳಿ. ಹಾಳೆಯನ್ನು ಮೂರು ಭಾಗ ಮಾಡಿ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ರಂಗದ ಮೇಲೆ ಯಾರು ಬಂದರು, ಏನು ಹೇಳಿದರು. ಎರಡನೆಯದರಲ್ಲಿ ಆ ಮಾತಿನಿಂದ ಯಾರಿಗೆ ಯಾವ ಹೊಸ ಸಂಗತಿ ತಿಳಿಯಿತು. ಮೂರನೆಯದರಲ್ಲಿ ಅದರಿಂದ ಮುಂದಿನ ಯಾವ ಕೆಲಸ ಹುಟ್ಟಿತು. ಯಾರಾದರೂ ಒಳಗೆ ಬಂದರೆ, ಹೊರಗೆ ಹೋದರೆ, ಹೊಸ ಸಾಲು.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನಿಜ ಅನ್ನುವುದು ಈ ನಾಟಕದಲ್ಲಿ ಒಡೆದ ಮಡಕೆಯ ಹಾಗಿದೆ. ಒಂದೊಂದು ಚೂರು ಒಬ್ಬೊಬ್ಬರ ಕೈಯಲ್ಲಿದೆ. ಈಡಿಪಸ್‌ಗೆ ತನಗೆ ಸಿಕ್ಕ ಕಣಿ ಗೊತ್ತು, ಮೂರು ದಾರಿ ಕೂಡುವಲ್ಲಿ ಮುದುಕನನ್ನು ಕೊಂದದ್ದು ಗೊತ್ತು, ಆ ಮುದುಕ ಯಾರು ಅಂತ ಗೊತ್ತಿಲ್ಲ. ಯೋಕಾಸ್ಟಳಿಗೆ ಗಂಡನಿಗೆ ಬಂದ ಕಣಿ ಗೊತ್ತು, ಮಗುವನ್ನು ಕಳಿಸಿದ್ದು ಗೊತ್ತು, ಅದು ಬದುಕಿತು ಅಂತ ಗೊತ್ತಿಲ್ಲ. ಕೊರಿಂಥ್‌ನ ಒಬ್ಬ ಮುದುಕ ಪಾಲಿಬಸ್ ಸತ್ತ ಸುದ್ದಿ ತರುತ್ತಾನೆ, ಅವನಿಗೆ ಈಡಿಪಸ್ ಸಾಕುಮಗ ಅಂತ ಗೊತ್ತು, ಕಣಿಯ ವಿಷಯ ಗೊತ್ತಿಲ್ಲ. ಥೀಬ್ಸ್‌ನ ಕುರಿಗಾಹಿಯ ಹತ್ತಿರ ಎರಡು ಚೂರಿವೆ: ಮಗುವನ್ನು ದಾಟಿಸಿದವನೂ ಅವನೇ, ಲಾಯಸ್‌ನ ಕೊಲೆ ನಡೆದಾಗ ಬದುಕಿ ಓಡಿ ಬಂದವನೂ ಅವನೇ. ವಾಪಸ್ ಬಂದು ನೋಡಿದರೆ ಸಿಂಹಾಸನದ ಮೇಲೆ ಈಡಿಪಸ್! ರಾಣಿಯ ಕೈ ಹಿಡಿದು ಬೇಡಿಕೊಂಡು, ಊರು ಕಣ್ಣಿಗೆ ಬೀಳದಷ್ಟು ದೂರದ ಹುಲ್ಲುಗಾವಲಿಗೆ ಹೊರಟುಹೋಗುತ್ತಾನೆ. ಅವನು ಯಾಕೆ ಹೋದ ಅಂತ ಇಷ್ಟು ವರ್ಷ ಯಾರೂ ಕೇಳಿಲ್ಲ.

ಕುರುಡು ಕಣಿಗಾರ ಟೈರೀಸಿಯಸ್ ಒಬ್ಬನ ಹತ್ತಿರ ಮಾತ್ರ ಮಡಕೆ ಇಡಿಯಾಗಿದೆ. ಮೊದಲು ಅವನು ಬಾಯಿ ಬಿಡಲು ಒಪ್ಪುವುದಿಲ್ಲ. ಈಡಿಪಸ್ ಕೆಣಕಿದ ಮೇಲೆ ಮುಚ್ಚಿಡುವುದಿಲ್ಲ. 'ನೀನು ಹುಡುಕುತ್ತಿರುವ ಕೊಲೆಗಾರ ನೀನೇ' ಅಂತ ಮುಖದ ಮೇಲೆ ಹೇಳಿಬಿಡುತ್ತಾನೆ. ಇದು ಬರುವುದು ಎಲ್ಲಿ ಗೊತ್ತಾ? 360ನೇ ಸಾಲಿನ ಆಸುಪಾಸು. ನಾಟಕದ ಕಾಲುಭಾಗ ಕೂಡ ಮುಗಿದಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಈ ಮಾತನ್ನು ಕೊನೆಯ ತನಕ ಬಚ್ಚಿಡುತ್ತಿದ್ದರು. ಸೊಫೋಕ್ಲಿಸ್ ಮೊದಲೇ ಬಿಸಾಕುತ್ತಾನೆ, ಯಾರ ಕಿವಿಗೂ ಹೋಗದ ಹಾಗೆ ಬಿಸಾಕುತ್ತಾನೆ. ಸಿಟ್ಟಿನ ಮಾತು, ರಾಣಿಯ ಸೋದರ ಕ್ರೆಯಾನ್ ಹೇಳಿಕೊಟ್ಟ ಪಿತೂರಿ ಅಂತ ಈಡಿಪಸ್ ತಳ್ಳಿಹಾಕುತ್ತಾನೆ. ನಿಜ ಕೇಳಿಸುವುದು ಬೇರೆ, ಗೊತ್ತಾಗುವುದು ಬೇರೆ. ನಿಮ್ಮ ಎರಡನೇ ಕಾಲಂನಲ್ಲಿ ಈ ಜಾಗಕ್ಕೆ 'ಕೇಳಿಸಿತು, ತಿಳಿಯಲಿಲ್ಲ' ಅಂತ ಬರೆಯಿರಿ. ನನ್ನ ಪ್ರಕಾರ ಇಡೀ ನಾಟಕದ ಕೀಲಿ ಈ ಒಂದು ಸಾಲು.

ಒಳ್ಳೆಯ ಹೆಣಿಗೆ ಯಾವುದು, ಸಡಿಲ ಯಾವುದು ಅಂತ ಗುರುತಿಸುವುದು ಹೇಗೆ?

ಎರಡು ಘಟನೆಗಳ ನಡುವೆ 'ಆಮೇಲೆ' ಹಾಕಿ ನೋಡಿ. ಆಮೇಲೆ 'ಆದ್ದರಿಂದ' ಹಾಕಿ ನೋಡಿ. ಅರಿಸ್ಟಾಟಲ್ ಹೇಳುವ ದೊಡ್ಡ ಮಾತು ಇಷ್ಟೇ: ಒಂದಾದ ಮೇಲೆ ಒಂದು ನಡೆಯುವುದು ಬೇರೆ, ಒಂದರಿಂದ ಒಂದು ನಡೆಯುವುದು ಬೇರೆ.

ಊರಿಗೆ ಪಿಡುಗು ಬಂತು, ಆದ್ದರಿಂದ ಕ್ರೆಯಾನ್‌ನನ್ನು ಡೆಲ್ಫಿಗೆ ಕಳಿಸಿದ. ಲಾಯಸ್ ದೊರೆಯ ಕೊಲೆಗಾರನನ್ನು ಹೊರಹಾಕಿ ಅಂತ ಉತ್ತರ ಬಂತು, ಆದ್ದರಿಂದ ಈಡಿಪಸ್ ಆ ಕೊಲೆಗಾರನಿಗೆ ಶಾಪ ಹಾಕಿ ಟೈರೀಸಿಯಸ್‌ನನ್ನು ಕರೆಸಿದ. ಅವನು ನೀನೇ ಅಂದ, ಆದ್ದರಿಂದ ಕ್ರೆಯಾನ್ ಮೇಲೆ ಅನುಮಾನ. ಜಗಳ ಜೋರಾಯಿತು, ಆದ್ದರಿಂದ ಬಿಡಿಸಲು ಯೋಕಾಸ್ಟ ಬಂದಳು. ಗಂಡನನ್ನು ಸಮಾಧಾನ ಮಾಡಬೇಕು, ಆದ್ದರಿಂದ 'ಕಣಿ ಎಲ್ಲ ಸುಳ್ಳು, ನೋಡಿ, ಲಾಯಸ್ ಸತ್ತದ್ದು ಮಗನಿಂದ ಅಲ್ಲ, ಮೂರು ದಾರಿ ಕೂಡುವಲ್ಲಿ ದರೋಡೆಕೋರರಿಂದ' ಅಂದಳು. ಆ 'ಮೂರು ದಾರಿ' ಅನ್ನುವ ಮಾತಿಗೆ ಈಡಿಪಸ್‌ನ ಎದೆ ಝಲ್ ಅಂದಿತು. ಸಮಾಧಾನಕ್ಕೆ ಆಡಿದ ಮಾತೇ ಗಾಯದ ಮೇಲೆ ಬಿತ್ತು. ಎಲ್ಲೂ ಬರೀ 'ಆಮೇಲೆ' ಇಲ್ಲ, ಗಮನಿಸಿದಿರಾ?

ಆದರೆ ಕೊರಿಂಥ್‌ನ ಮುದುಕ ಅದೇ ದಿನ ಬರುವುದು? ಅದು ಕಾಕತಾಳೀಯ ಅಲ್ವಾ?

ಹೌದು, ಒಪ್ಪಿಕೊಳ್ಳಬೇಕು. ಪಾಲಿಬಸ್ ಸತ್ತದ್ದಕ್ಕೂ ಥೀಬ್ಸ್‌ನ ತನಿಖೆಗೂ ಸಂಬಂಧ ಇಲ್ಲ. ಇಲ್ಲಿ 'ಆದ್ದರಿಂದ' ಕೂರುವುದಿಲ್ಲ. ಸುದ್ದಿ ತಂದವನೇ ಹಿಂದೆ ಮಗುವನ್ನು ಎತ್ತಿಕೊಂಡವನು ಅನ್ನುವುದು ಇನ್ನೊಂದು ಕಾಕತಾಳೀಯ. ಬರೆಯುವಾಗ ಇದನ್ನು ಮುಚ್ಚಿಡಬೇಡಿ.

ಆದರೂ ನೋಡುವಾಗ ಚುಚ್ಚುವುದಿಲ್ಲ. ಯಾಕೆ? ನಾಯಕನನ್ನು ಕಷ್ಟದಿಂದ ಪಾರು ಮಾಡಲು ಬರುವ ಅದೃಷ್ಟವನ್ನು ನಾವು ನಂಬುವುದಿಲ್ಲ. ಮುಳುಗಿಸಲು ಬರುವುದನ್ನು ನಂಬುತ್ತೇವೆ. ಇನ್ನೊಂದು, ಅವನನ್ನು ತಂದ ಜಾಗ ನೋಡಿ. ಯೋಕಾಸ್ಟ ಆಗಷ್ಟೇ ಅಪೊಲೊನ ಮುಂದೆ ಹಾರ, ಧೂಪ ಇಟ್ಟು 'ದಾರಿ ತೋರಿಸಪ್ಪ' ಅಂತ ಕೈ ಮುಗಿದಿದ್ದಾಳೆ. ಮುಗಿಸುವ ಹೊತ್ತಿಗೆ ಮುದುಕ ಬಂದು 'ದೊರೆಯ ಮನೆ ಯಾವುದಪ್ಪ' ಅಂತ ಕೇಳುತ್ತಾನೆ. ದೇವರು ಕೇಳಿಸಿಕೊಂಡ ಅನ್ನಿಸುತ್ತದೆ. ಆ ಅನ್ನಿಸುವಿಕೆ ಎಷ್ಟು ಭಯಂಕರ ಅಂತ ಇನ್ನೂರು ಸಾಲಿನೊಳಗೆ ಗೊತ್ತಾಗುತ್ತದೆ.

ತಿರುವು, ಗುರುತು ಅಂತೀರಲ್ಲ, ಏನು ವ್ಯತ್ಯಾಸ?

ತಿರುವು ಅಂದರೆ ಮಾಡಿದ ಕೆಲಸ ಉದ್ದೇಶಕ್ಕೆ ಉಲ್ಟಾ ಹೊಡೆಯುವುದು. ಬರೀ ಅದೃಷ್ಟ ಕೆಡುವುದಲ್ಲ. ಕೊರಿಂಥ್‌ನ ಮುದುಕ ಒಳ್ಳೆಯ ಸುದ್ದಿ ತಂದಿದ್ದಾನೆ: ಪಾಲಿಬಸ್ ತಾನಾಗಿ ಸತ್ತ, ಅಂದರೆ ತಂದೆಯನ್ನು ಕೊಲ್ಲುವ ಕಣಿ ಸುಳ್ಳಾದ ಹಾಗೆ. ಈಡಿಪಸ್‌ಗೆ ಇನ್ನೂ ತಾಯಿಯ ಕಡೆಯ ಭಯ ಇದೆ ಅಂತ ಕೇಳಿ, ಆ ಭಯವನ್ನೂ ಕಳೆಯೋಣ ಅಂತ 'ನೀನು ಪಾಲಿಬಸ್ ದಂಪತಿಯ ಮಗನೇ ಅಲ್ಲ' ಅನ್ನುವ ಅರ್ಥದ ಮಾತು ಹೇಳುತ್ತಾನೆ. ಅಲ್ಲಿಂದಲೇ ಬುಡ ಕಿತ್ತುಬರುತ್ತದೆ.

ಗುರುತು ಅಂದರೆ ಗೊತ್ತಿಲ್ಲದ್ದು ಗೊತ್ತಾಗುವುದು. ಎರಡೂ ಒಂದೇ ಕಡೆ ಕೂಡಿ ಬಂದರೆ ಹೆಣಿಗೆ ಅತ್ಯುತ್ತಮ ಅನ್ನುತ್ತಾನೆ ಅರಿಸ್ಟಾಟಲ್, ಇದೇ ನಾಟಕವನ್ನು ತೋರಿಸಿ. ಆದರೆ ನಾನು ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಗುರುತು ಒಂದಲ್ಲ, ಎರಡು. ಮೊದಲು ಗೊತ್ತಾಗುವುದು ಯೋಕಾಸ್ಟಳಿಗೆ. ಗಂಡಸರಿಬ್ಬರೂ ಮಾತಾಡುತ್ತಿದ್ದಾರೆ, ಕಿಥೈರಾನ್ ಬೆಟ್ಟ, ಚುಚ್ಚಿದ ಹರಡು, ಲಾಯಸ್‌ನ ಕುರಿಗಾಹಿ. ಅವಳು ಸುಮ್ನೆ ನಿಂತಿದ್ದಾಳೆ. ಸುಮಾರು ಎಪ್ಪತ್ತು ಸಾಲು ಅವಳಿಗೆ ಮಾತೇ ಇಲ್ಲ. ಓದುವಾಗ ಇದು ತಪ್ಪಿಹೋಗುತ್ತದೆ, ಪುಟದ ಮೇಲೆ ಮೌನ ಕಾಣುವುದಿಲ್ಲವಲ್ಲ. ರಂಗದ ಮೇಲೆ ಎಲ್ಲರ ಕಣ್ಣೂ ಅವಳ ಮೇಲೆಯೇ ಇರುತ್ತದೆ. ಆಮೇಲೆ ಅವಳು ಬೇಡುತ್ತಾಳೆ: ಕೇಳಬೇಡ, ಇಲ್ಲಿಗೆ ಬಿಡು. ಅವನು ಬಿಡುವುದಿಲ್ಲ. ಅವಳು ಒಳಗೆ ಹೋಗುತ್ತಾಳೆ. ಅವಳಿಗೆ ಗೊತ್ತಾಗಿ ಅವನಿಗೆ ಗೊತ್ತಾಗದ ಆ ಸ್ವಲ್ಪ ಹೊತ್ತು ಇದೆಯಲ್ಲ, ಇಡೀ ನಾಟಕದಲ್ಲಿ ಉಸಿರು ಕಟ್ಟುವುದು ಅಲ್ಲಿ.

ಪರೀಕ್ಷೆಯ ಉತ್ತರದಲ್ಲಿ ಪಿರಮಿಡ್ ಚಿತ್ರ ಬರೆಯಲೇಬೇಕಾ?

ಬೇಕಿಲ್ಲ. ಆ ಚಿತ್ರ ಗ್ರೀಕರದ್ದಲ್ಲ. ಜರ್ಮನಿಯ ಗುಸ್ತಾವ್ ಫ್ರೈಟಾಗ್ 1863ರಲ್ಲಿ ಬರೆದ ಪುಸ್ತಕದಿಂದ ಬಂದದ್ದು: ಪೀಠಿಕೆ, ಏರು, ತುದಿ, ಇಳಿತ, ಕೊನೆಯ ಅನಾಹುತ. ಷೇಕ್ಸ್‌ಪಿಯರ್‌ಗೆ ಚೆನ್ನಾಗಿ ಹೊಂದುತ್ತದೆ. 'ಮ್ಯಾಕ್‌ಬೆತ್' ತಗೊಳ್ಳಿ, ಮೂರನೇ ಅಂಕದಲ್ಲಿ ಬ್ಯಾಂಕೋ ಸಾಯುತ್ತಾನೆ, ಅವನ ಮಗ ತಪ್ಪಿಸಿಕೊಳ್ಳುತ್ತಾನೆ. ಅಲ್ಲಿಯ ತನಕ ಏರು, ಅಲ್ಲಿಂದ ಇಳಿಜಾರು. ಸರಿಯಾಗಿ ನಡುಮಧ್ಯ. ಈಡಿಪಸ್‌ಗೆ ಇದನ್ನು ತೊಡಿಸಿದರೆ ಬಿಗಿಯಾಗುತ್ತದೆ. ಇಲ್ಲಿ ತುದಿ ಕೊನೆಯ ಹತ್ತಿರ ಇದೆ, ಇಳಿಜಾರು ಇಲ್ಲ, ಪ್ರಪಾತ ಇದೆ. ಅರಿಸ್ಟಾಟಲ್‌ನ ಮಾತು ಇನ್ನೂ ಸರಳ: ಗಂಟು ಹಾಕುವುದು, ಗಂಟು ಬಿಚ್ಚುವುದು.

ಈಡಿಪಸ್‌ನ ಅಹಂಕಾರವೇ ಅವನ ಪತನಕ್ಕೆ ಕಾರಣ ಅಂತ ಗೈಡ್‌ಗಳಲ್ಲಿ ಇದೆ. ಹಾಗೇ ಬರೆಯಲಾ?

ದಯವಿಟ್ಟು ಬೇಡ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ.

ನಿಮ್ಮ ಮೂರು ಕಾಲಂ ತೆಗೆದು ನೋಡಿ. ಕೊಲೆ, ಮದುವೆ ಎರಡೂ ನಾಟಕ ಶುರುವಾಗುವ ಮೊದಲೇ ಆಗಿವೆ. ರಂಗದ ಮೇಲೆ ಅವನು ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ, ಕ್ರೆಯಾನ್ ಮೇಲೆ ಇಲ್ಲದ ಅಪವಾದ ಹೊರಿಸುತ್ತಾನೆ. ನಿಜ. ಆದರೆ ಅವನು ಮೆತ್ತಗಿನ ಮನುಷ್ಯನಾಗಿದ್ದರೂ ಲಾಯಸ್ ಬದುಕಿ ಬರುತ್ತಿರಲಿಲ್ಲ. ನಾಟಕದೊಳಗೆ ಅವನು ಮಾಡುವ ಒಂದೇ ದೊಡ್ಡ ಕೆಲಸ ಅಂದರೆ ಹುಡುಕುವುದು. ಯಾಕೆ ಹುಡುಕುತ್ತಾನೆ? ಊರು ಸಾಯುತ್ತಿದೆ ಅಂತ. ಟೈರೀಸಿಯಸ್ ಬೇಡ ಅಂದ, ಯೋಕಾಸ್ಟ ಬೇಡ ಅಂದಳು, ಕೊನೆಗೆ ಕುರಿಗಾಹಿಯೂ ಬೇಡ ಅಂದ. ಮೂರು ಸಲ ಬಾಗಿಲು ತೆರೆದಿತ್ತು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅವನನ್ನು ಮುಗಿಸಿದ್ದು ಅವನ ಒಳ್ಳೆಯ ಗುಣ. ನಾಯಕನ ತಪ್ಪಿಗೆ ಅರಿಸ್ಟಾಟಲ್ ಬಳಸುವ 'ಹಮಾರ್ಟಿಯಾ' ಅನ್ನುವ ಗ್ರೀಕ್ ಪದದ ಅರ್ಥವೂ ಗುರಿ ತಪ್ಪುವುದು, ತಿಳಿಯದೆ ಎಡವುವುದು ಅಂತ. ಅಹಂಕಾರ ಅಂತ ಅಲ್ಲ.

'ಅಹಂಕಾರಕ್ಕೆ ಶಿಕ್ಷೆ' ಅಂತ ಬರೆದರೆ ಆ ನಾಟಕ ನೀತಿಕಥೆ ಆಗಿಬಿಡುತ್ತದೆ. ನನ್ನ ಅಜ್ಜಿ ಕರ್ಣನಿಗೆ 'ಮಾತ್ ಕೊಡ್ಬ್ಯಾಡ' ಅಂದದ್ದು ಅವನು ಕೆಟ್ಟವನು ಅಂತ ಅಲ್ಲ, ಕೊಡುವ ಗುಣ ಇರುವವನು ಅಂತ.

ಮೇಳದ ಹಾಡುಗಳನ್ನು ಬಿಟ್ಟು ಓದಬಹುದಾ?

ಬಿಡಬೇಡಿ. ಯೋಕಾಸ್ಟ ಒಳಗೆ ಹೋದ ಮೇಲೆ, ಕುರಿಗಾಹಿ ಬರುವ ಮೊದಲು ಒಂದು ಪುಟ್ಟ ಹಾಡಿದೆ. ಹದಿನೈದು ಜನ ಹಿರಿಯರ ಮೇಳ ಖುಷಿಯಲ್ಲಿದೆ: ನಮ್ಮ ದೊರೆ ಬೆಟ್ಟದ ಮಗು, ಯಾವ ದೇವರ ಮಗನೋ! ಸೊಫೋಕ್ಲಿಸ್ ಬೀಳುವ ಮುಂಚೆ ಒಂದು ಮೆಟ್ಟಿಲು ಮೇಲೆ ಹತ್ತಿಸುತ್ತಾನೆ. ಆ ಹಾಡು ತೆಗೆದರೆ ಬೀಳುವ ಎತ್ತರ ಕಡಿಮೆಯಾಗುತ್ತದೆ.

ನಮ್ಮ ನಾಟ್ಯಶಾಸ್ತ್ರದ ಪಂಚಸಂಧಿಗಳನ್ನು ಇಲ್ಲಿ ಬಳಸಬಹುದಾ?

ಅರ್ಧ ದಾರಿ ಬರುತ್ತವೆ. ಕಥೆ ಸಾಗುವ ಐದು ಘಟ್ಟಗಳು ಅವು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಬೀಜ ಬಿತ್ತುವುದು, ಅದು ಕಂಡು ಮರೆಯಾಗುವುದು, ಮಧ್ಯೆ ಅಡ್ಡಿ, ಇದೆಲ್ಲ ಈಡಿಪಸ್‌ನಲ್ಲಿ ಚೆನ್ನಾಗಿ ಸಿಗುತ್ತದೆ. ಕೊನೆಯಲ್ಲಿ ಮಾತ್ರ ದಾರಿ ಬೇರೆಯಾಗುತ್ತದೆ. ಅಲ್ಲಿ ನಾಯಕನಿಗೆ ಫಲ ಸಿಗಬೇಕು. ಇಲ್ಲಿಯೂ ಸಿಗುತ್ತದೆ ಅಂತ ವಾದಿಸುವವರು ನಮ್ಮ ಗುಂಪಿನಲ್ಲಿದ್ದಾರೆ: ಕೊಲೆಗಾರನನ್ನು ಹುಡುಕುತ್ತೇನೆ ಅಂದ, ಹುಡುಕಿದ. ಈ ಮಾತು ನನಗೆ ಇಷ್ಟವಾಗಿದೆ. ಉತ್ತರದಲ್ಲಿ ಬರೆದರೆ ಎರಡು ಸಾಲಿನ ವಿವರಣೆ ಕೊಡಿ.

ಒಂದೇ ದಿನ, ಒಂದೇ ಜಾಗ, ಒಂದೇ ಕ್ರಿಯೆ ಇರಬೇಕು ಅನ್ನುವ ಕಾಲ, ಸ್ಥಳ, ಕ್ರಿಯೆಗಳ ಮೂರು ಐಕ್ಯ ಅರಿಸ್ಟಾಟಲ್‌ನ ನಿಯಮ ತಾನೇ?

ಕ್ರಿಯೆಯ ಐಕ್ಯ ಅವನದ್ದು. ಕಾಲದ ಬಗ್ಗೆ, ದುರಂತ ನಾಟಕ ಸಾಧ್ಯವಾದಷ್ಟು ಒಂದು ದಿನದೊಳಗೆ ಇರಲು ನೋಡುತ್ತದೆ ಅಂತ ಹೇಳಿದ್ದಾನೆ, ಅಷ್ಟೇ. ಸ್ಥಳದ ನಿಯಮ ಅವನು ಹೇಳಿಲ್ಲ. ಮೂರನ್ನೂ ಕಟ್ಟಿ ನಿಯಮ ಮಾಡಿದ್ದು 16ನೇ ಶತಮಾನದ ಇಟಲಿಯವರು.

ನಾಯಕ ನಾಟಕದ ಮಧ್ಯದಲ್ಲೇ ಸತ್ತುಹೋದರೆ ಹೆಣಿಗೆ ಮುರಿದಂತೆ ಅಲ್ವಾ?

ಸೊಫೋಕ್ಲಿಸ್‌ನದೇ 'ಏಜಾಕ್ಸ್' ನಾಟಕದಲ್ಲಿ ಹಾಗಾಗುತ್ತದೆ. ಬುದ್ಧಿಭ್ರಮೆಯಲ್ಲಿ ದನಕುರಿಗಳನ್ನು ಶತ್ರುಗಳೆಂದು ಕಡಿದ ವೀರ, ಎಚ್ಚರವಾದ ಮೇಲೆ ನಾಚಿಕೆ ತಾಳದೆ ಕತ್ತಿಯ ಮೇಲೆ ಬೀಳುತ್ತಾನೆ. ಇನ್ನೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನಾಟಕ ಉಳಿದಿದೆ. ಅದೆಲ್ಲ ಹೆಣಕ್ಕೆ ಮಣ್ಣು ಕೊಡಬೇಕೋ ಬೇಡವೋ ಅನ್ನುವ ಜಗಳ. ಮುರಿದಿದೆ ಅನ್ನುವವರು ಇದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಹೆಣಿಗೆ ಕಟ್ಟಿರುವುದು ಅವನ ಮಾನದ ಸುತ್ತ. ಜೀವ ಹೋದ ಮೇಲೂ ಮಾನದ ಪ್ರಶ್ನೆ ಉಳಿದಿರುತ್ತದೆ.

ನಮ್ಮ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಬಿ.ಎಂ.ಶ್ರೀ. ಇದೇ ನಾಟಕದ ಹಂದರ ತಗೊಂಡು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಚಿರಂಜೀವಿ ಅಂತ ನಾವೆಲ್ಲ ನಂಬಿದ ಅಶ್ವತ್ಥಾಮ ಅಲ್ಲಿ ಸಾಯುತ್ತಾನೆ. ಹಂದರ ಉಳಿಸಿಕೊಳ್ಳಲು ಅವರು ಪುರಾಣವನ್ನೇ ಬಗ್ಗಿಸಿದರು. ಹೆಣಿಗೆಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡದ ಉದಾಹರಣೆ ನನಗೆ ಸಿಕ್ಕಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಪರೀಕ್ಷೆಯಲ್ಲಿ 'ಕಥಾವಸ್ತುವಿನ ರಚನೆಯನ್ನು ವಿಶ್ಲೇಷಿಸಿ' ಅಂತ ಕೇಳಿದರೆ?

ಕಥೆ ಹೇಳಬೇಡಿ. ನಾನು ಬಿ.ಎ. ಓದುವಾಗ ಇದೇ ಪ್ರಶ್ನೆಗೆ ಆರು ಪುಟ ಕಥೆ ಬರೆದು ಬಂದಿದ್ದೆ. ಹುಟ್ಟಿನಿಂದ ಕಣ್ಣು ಕಳೆದುಕೊಳ್ಳುವ ತನಕ, ಒಂದೂ ಬಿಡದೆ. ಅಂಕ ತೀರಾ ಕಡಿಮೆ ಬಂತು. ಆಮೇಲೆ ಗುರುಗಳೊಬ್ಬರು ಉತ್ತರ ಓದಿ, 'ಇದರಲ್ಲಿ ನಾಟಕ ಎಲ್ಲಪ್ಪ?' ಅಂತ ಕೇಳಿದರು. ಆ ಪ್ರಶ್ನೆಯ ಋಣ ಇನ್ನೂ ತೀರಿಲ್ಲ.

ಒಂದು ದೃಶ್ಯ ಆರಿಸಿಕೊಳ್ಳಿ. ಯೋಕಾಸ್ಟ 'ಮೂರು ದಾರಿ' ಅಂದ ದೃಶ್ಯ ಸಾಕು. ಅದಕ್ಕೆ ಮುಂಚೆ ಯಾರಿಗೆ ಏನು ಗೊತ್ತಿತ್ತು, ಆ ಮಾತಿನಿಂದ ಏನು ಬದಲಾಯಿತು, ಯಾವ ಹೊಸ ಕೆಲಸ ಹುಟ್ಟಿತು, ಇಷ್ಟನ್ನು ಬಿಡಿಸಿ ಬರೆಯಿರಿ. ಆಮೇಲೆ ಇಡೀ ನಾಟಕ ಹೀಗೇ ನಡೆಯುತ್ತದೆ ಅಂತ ಇನ್ನೆರಡು ಕಡೆ ಬೊಟ್ಟು ಮಾಡಿ ತೋರಿಸಿ. ಪಾರಿಭಾಷಿಕ ಪದಗಳನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ.

ನಾಟಕ ನೋಡದೆ ಬರೀ ಓದಿದರೆ ಸಾಕಾ?

ಹೆಣಿಗೆಗೆ ಸಾಕು. ಕಣ್ಣಿಂದ ನೋಡದೆ ಬರೀ ಕಿವಿಯಿಂದ ಕೇಳಿದರೂ ಮೈ ನಡುಗುವ ಹಾಗಿರಬೇಕು ಅಂತ ಅರಿಸ್ಟಾಟಲ್ ಇದೇ ನಾಟಕದ ಬಗ್ಗೆ ಹೇಳಿದ್ದಾನೆ. ಆದರೆ ಜೋರಾಗಿ ಓದಿ, ಪಾತ್ರ ಹಂಚಿಕೊಂಡು ಓದಿ. ಯೋಕಾಸ್ಟಳ ಮೌನ ಆಗಲೇ ಕೇಳಿಸುವುದು. ನಮ್ಮಲ್ಲಿ ಅವಳ ಪಾತ್ರ ಓದುವವರು ಆ ಎಪ್ಪತ್ತು ಸಾಲು ಪುಸ್ತಕ ಮಡಚಿ ಎದ್ದು ನಿಲ್ಲಬೇಕು.

ನಿಜ ಗೊತ್ತಾದ ಮೇಲೂ ನಾಟಕ ಯಾಕೆ ಮುಗಿಯುವುದಿಲ್ಲ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಸುಮಾರು 1185ನೇ ಸಾಲಿಗೆ ಎಲ್ಲ ಬಯಲಾಗಿದೆ. ಇನ್ನೂ ಮುನ್ನೂರೈವತ್ತು ಸಾಲು ಇದೆ.

ಒಳಗಿನಿಂದ ಒಬ್ಬ ಬಂದು ನಡೆದದ್ದನ್ನು ಹೇಳುತ್ತಾನೆ: ರಾಣಿ ನೇಣು ಹಾಕಿಕೊಂಡಳು, ಅವಳ ಸೀರೆಯ ಚಿನ್ನದ ಪಿನ್ನುಗಳನ್ನು ಕಿತ್ತು ದೊರೆ ತನ್ನ ಕಣ್ಣಿಗೆ ಚುಚ್ಚಿಕೊಂಡ. ಸೀರೆ ಅಂದದ್ದು ನಾನು, ಅವರದ್ದು ಬೇರೆ ಉಡುಪು, ಹೆಗಲ ಮೇಲೆ ಪಿನ್ನು ಹಾಕುವಂಥದ್ದು. ಆಮೇಲೆ ಅವನೇ ಹೊರಗೆ ಬರುತ್ತಾನೆ. ಇಲ್ಲಿಯ ತನಕ ನೋಟ್‌ಬುಕ್‌ನ ಎರಡನೇ ಕಾಲಂ ತುಂಬುತ್ತಾ ಬಂದಿತ್ತು. ಕಣ್ಣಿದ್ದಾಗ ಏನೂ ಗೊತ್ತಿಲ್ಲದವನಿಗೆ, ಕಣ್ಣು ಹೋದಾಗ ಎಲ್ಲ ಗೊತ್ತಾಗಿದೆ. ಮೇಳಕ್ಕೆ ಗೊತ್ತಾಗಿದೆ, ಕ್ರೆಯಾನ್‌ಗೆ ಗೊತ್ತಾಗಿದೆ, ಊರಿಗೆ ಗೊತ್ತಾಗಿದೆ.

ಆಗ ಕ್ರೆಯಾನ್ ಅವನ ಇಬ್ಬರು ಹೆಣ್ಣುಮಕ್ಕಳನ್ನು ಕರೆಸುತ್ತಾನೆ. ಅವರಿಗೆ ಒಂದು ಮಾತೂ ಇಲ್ಲ. ಬರೀ ಅಳುವ ಸದ್ದು ಕೇಳಿ ಈಡಿಪಸ್‌ಗೆ ಅವರು ಬಂದದ್ದು ತಿಳಿಯುತ್ತದೆ. ಕೈ ಚಾಚುತ್ತಾನೆ. ನಿಮ್ಮನ್ನು ಯಾರು ಮದುವೆಯಾಗುತ್ತಾರೆ, ಯಾವ ಹಬ್ಬಕ್ಕೆ ನಿಮ್ಮನ್ನು ಕರೆಯುತ್ತಾರೆ ಅಂತ ಕೇಳುತ್ತಾನೆ. ನಿಮಗೆ ತಿಳಿಯುವ ವಯಸ್ಸಾಗಿದ್ದರೆ ಎಷ್ಟೋ ಬುದ್ಧಿಮಾತು ಹೇಳುತ್ತಿದ್ದೆ ಮಕ್ಕಳೇ, ಅನ್ನುತ್ತಾನೆ.

ಎರಡನೇ ಕಾಲಂನಲ್ಲಿ ಕೊನೆಗೂ ಖಾಲಿ ಉಳಿಯುವ ಜಾಗ ಆ ಎರಡು ಮಕ್ಕಳದ್ದು.